ನೆರಳಿನಲ್ಲಿ ಕಾಣುವ ಗಾಳಿ: ಚಂದ್ರರ ವಾಯುಮಂಡಲ ಮತ್ತು ನಮ್ಮ ತಪ್ಪು ತಿಳಿವಳಿಕೆಗಳು

ತಾರಸಿಯ ಮೇಲೆ ದೂರದರ್ಶಕ ಇಟ್ಟು ನೆರೆಹೊರೆಯವರಿಗೆ ಚಂದ್ರನನ್ನು ತೋರಿಸುವುದು ನನ್ನ ಹಳೆಯ ಅಭ್ಯಾಸ. ಕುಳಿಗಳನ್ನು ಕಂಡು 'ಅಬ್ಬಾ' ಎಂದ ಮೇಲೆ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಂಕಲ್, ಅಲ್ಲಿ ಗಾಳಿ ಇದೆಯಾ?" ಪಕ್ಕದಲ್ಲಿ ನಿಂತ ದೊಡ್ಡವರು ನನಗಿಂತ ಮೊದಲೇ ಉತ್ತರ ಕೊಟ್ಟುಬಿಡುತ್ತಾರೆ: "ಇಲ್ಲ ಕಣೋ, ಅಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ." ನಾನೂ ಶಾಲೆಯಲ್ಲಿ ಹಾಗೆಯೇ ಕಲಿತವನು. ಉಸಿರಾಡುವವರ ಲೆಕ್ಕದಲ್ಲಿ ಆ ಉತ್ತರ ಸರಿಯೇ. ಆಕಾಶ ನೋಡುವವರ ಲೆಕ್ಕದಲ್ಲಿ ಸರಿಯಲ್ಲ. ನಮ್ಮ ಚಂದ್ರನ ಸುತ್ತ ಅನಿಲವಿದೆ. ಗುರು, ಶನಿ, ನೆಪ್ಚೂನ್‌ಗಳನ್ನು ಸುತ್ತುವ ದೊಡ್ಡ ಚಂದ್ರರ ಸುತ್ತಲೂ ಇದೆ. ಅದರಲ್ಲಿ ಎಷ್ಟೋ ಭಾಗವನ್ನು ಮನುಷ್ಯ ಕಂಡುಕೊಂಡಿದ್ದು ನೆಲದ ಮೇಲೆ ನಿಂತೇ.

ಹೇಗೆ ಕಂಡುಕೊಂಡ ಎಂಬುದೇ ನನಗೆ ಬಲು ಪ್ರಿಯವಾದ ವಿಷಯ. ತೆಳು ಅನಿಲ ಕಾಣದಿರುವುದಕ್ಕೆ ಅದರ ತೆಳುತನ ಒಂದು ಕಾರಣ, ಪಕ್ಕದಲ್ಲೇ ಇರುವ ಕಣ್ಣು ಕೋರೈಸುವ ಬೆಳಕು ಇನ್ನೊಂದು ಕಾರಣ. ಆ ಬೆಳಕಿಗೆ ಏನಾದರೂ ಅಡ್ಡ ಬರುವ ಗಳಿಗೆಯನ್ನು ಕಾದು ಕುಳಿತವರಿಗೆ ಅನಿಲ ಕಂಡಿದೆ. ಈ ಬಗ್ಗೆ ಜನರಲ್ಲಿ, ಕೆಲವೊಮ್ಮೆ ಪಠ್ಯಗಳಲ್ಲೂ, ಉಳಿದುಕೊಂಡಿರುವ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಚಂದ್ರನ ಸುತ್ತ ಆಗಾಗ ಕಾಣುವ ಬೆಳಕಿನ ಬಳೆಯೇ ಅದರ ವಾಯುಮಂಡಲ

ಆ ಬಳೆ ಪೂರ್ತಿ ನಮ್ಮದು. ಅದಕ್ಕೆ ಪರಿವೇಷ ಎಂದು ಹೆಸರು. ಆರೇಳು ಕಿಲೋಮೀಟರಿಗಿಂತ ಎತ್ತರದಲ್ಲಿ ತೇಲುವ ತೆಳು ಮೋಡದಲ್ಲಿರುವ ಮಂಜಿನ ಹರಳುಗಳು ಚಂದ್ರನ ಬೆಳಕನ್ನು ಬಗ್ಗಿಸಿದಾಗ ಅದು ಮೂಡುತ್ತದೆ. ಮುಂದಿನ ಸಲ ಕಂಡಾಗ ತೋಳನ್ನು ಪೂರ್ತಿ ಚಾಚಿ, ಬೆರಳುಗಳನ್ನು ಅಗಲಿಸಿ, ಹೆಬ್ಬೆರಳ ತುದಿಯಿಂದ ಚಂದ್ರನನ್ನು ಮುಚ್ಚಿ ನೋಡಿ. ಕಿರುಬೆರಳ ತುದಿ ಬಳೆಯ ಹತ್ತಿರ ಹತ್ತಿರ ಬರುತ್ತದೆ. ಹರಳುಗಳ ಆರು ಮೂಲೆಯ ಆಕಾರದಿಂದಾಗಿ ಬೆಳಕು ಸುಮಾರು 22 ಡಿಗ್ರಿ ಬಾಗುತ್ತದೆ. ಹಾಗಾಗಿ ಬಳೆಯ ಅಳತೆ ಯಾವಾಗಲೂ ಇಷ್ಟೇ. ಪಕ್ಕದೂರಿನಲ್ಲಿ ಆ ಮೋಡ ಇಲ್ಲದಿದ್ದರೆ ಅಲ್ಲಿಯವರಿಗೆ ಬಳೆಯೂ ಇಲ್ಲ.

ಚಂದ್ರನ ಗಾಳಿಯನ್ನು ಪರೀಕ್ಷಿಸಲು ಬೇರೆ ದಾರಿಯಿದೆ. ಚಂದ್ರ ತನ್ನ ದಾರಿಯಲ್ಲಿ ಸಾಗುತ್ತಾ ನಕ್ಷತ್ರಗಳನ್ನು ಮರೆ ಮಾಡುತ್ತಾನೆ. ಖಗೋಳದವರು ಇದಕ್ಕೆ ಆಚ್ಛಾದನೆ ಎನ್ನುತ್ತಾರೆ. ಚಂದ್ರ ರೋಹಿಣಿಯನ್ನು ಮರೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚಂದ್ರನ ಕತ್ತಲ ಅಂಚು ಕಾಣುವುದಿಲ್ಲ. ಕೆಂಪು ಛಾಯೆಯ ರೋಹಿಣಿ ಮಾತ್ರ ನಿಶ್ಚಲವಾಗಿ ಹೊಳೆಯುತ್ತಿರುತ್ತದೆ. ಕಣ್ಣು ಮಿಟುಕಿಸದೆ ನೋಡುತ್ತಿದ್ದಂತೆ ಸ್ವಿಚ್ ಆರಿಸಿದ ಹಾಗೆ ಫಕ್ಕನೆ ಇಲ್ಲವಾಗುತ್ತದೆ. ಮಂಕಾಗುವುದಿಲ್ಲ, ನಡುಗುವುದಿಲ್ಲ. ಚಂದ್ರನ ಸುತ್ತ ನಮ್ಮಂಥ ಗಾಳಿಯಿದ್ದಿದ್ದರೆ ಸಂಜೆ ಸೂರ್ಯ ಮಂಕಾಗುವ ಹಾಗೆ ನಕ್ಷತ್ರವೂ ಮೆಲ್ಲಗೆ ಮಂಕಾಗಬೇಕಿತ್ತು. ಚಂದ್ರನಲ್ಲಿ ಗಾಳಿಯಿಲ್ಲ ಎಂಬ ಮಾತು ಗಟ್ಟಿಯಾಗಿ ನಿಂತಿದ್ದು ಇಂಥ ವೀಕ್ಷಣೆಗಳ ಮೇಲೆಯೇ. ಆದರೆ ಈ ಪರೀಕ್ಷೆಗೂ ಒಂದು ಮಿತಿ ಇದೆ: ತೀರಾ ತೆಳುವಾದ ಅನಿಲ ಇದರಲ್ಲಿ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ನಮ್ಮ ಚಂದ್ರನ ಸುತ್ತ ಏನೇನೂ ಇಲ್ಲ

ಇದೆ, ಅತ್ಯಲ್ಪ. ಭೂಮಿಯ ಸಮುದ್ರಮಟ್ಟದಲ್ಲಿ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ, ಅಂದರೆ ಬೆರಳ ತುದಿಯಷ್ಟು ಜಾಗದಲ್ಲಿ, ಗಾಳಿಯ ಸುಮಾರು 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ಚಂದ್ರನ ನೆಲದ ಮೇಲೆ ಅಷ್ಟೇ ಜಾಗದಲ್ಲಿ ಇರುವುದು ಕೆಲವು ಲಕ್ಷ ಪರಮಾಣು. ಇಷ್ಟು ವಿರಳವಾದರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಇಲ್ಲ ಎನ್ನಬಹುದು. ಒಗ್ಗರಣೆ ಬಾಣಲೆಯಲ್ಲಿ ಸಿಡಿಯುವ ಸಾಸಿವೆಯನ್ನು ನೆನೆಸಿಕೊಳ್ಳಿ: ಪ್ರತಿ ಕಾಳೂ ತನ್ನ ಪಾಡಿಗೆ ಚಿಮ್ಮುತ್ತದೆ, ತನ್ನ ಪಾಡಿಗೆ ಬೀಳುತ್ತದೆ, ಕೆಲವು ಬಾಣಲೆಯ ಆಚೆಗೇ ಹಾರಿಹೋಗುತ್ತವೆ. ಚಂದ್ರನ ಮೇಲಿನ ಪರಮಾಣುಗಳೂ ಹಾಗೆಯೇ. ಶಾಲೆಯ ಭೂಗೋಳ ಪಾಠದಲ್ಲಿ ಭೂಮಿಯ ವಾಯುಮಂಡಲದ ಕಟ್ಟಕಡೆಯ ಪದರಕ್ಕೆ ಬಾಹ್ಯ ಮಂಡಲ ಎಂಬ ಹೆಸರು ಓದಿರುತ್ತೀರಿ. ನಮ್ಮಲ್ಲಿ ನೂರಾರು ಕಿಲೋಮೀಟರ್ ಮೇಲೆ ಶುರುವಾಗುವ ಆ ಮಂಡಲ ಚಂದ್ರನಲ್ಲಿ ನೆಲದಿಂದಲೇ ಶುರುವಾಗುತ್ತದೆ.

1972ರಲ್ಲಿ ಅಪೊಲೊ 17ರ ಯಾತ್ರಿಗಳು ಇಟ್ಟುಬಂದ ಉಪಕರಣ ಅಲ್ಲಿ ಹೀಲಿಯಂ ಮತ್ತು ಆರ್ಗಾನ್ ಅನಿಲಗಳನ್ನು ಅಳೆಯಿತು. ಅವು ನಮ್ಮ ದೂರದರ್ಶಕಕ್ಕೆ ಕಾಣುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅವು ಹೊಳೆಯುವುದಿಲ್ಲ. ಹೊಳೆಯುವುದು ಬೇರೊಂದು ವಸ್ತು. ಅದನ್ನು ನೀವು ಅಡುಗೆಮನೆಯಲ್ಲೇ ನೋಡಿದ್ದೀರಿ. ಅನ್ನಕ್ಕೋ ಬೇಳೆಗೋ ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸ್ ಒಲೆಯ ನೀಲಿ ಉರಿಗೆ ಬಿದ್ದಾಗ ಒಂದು ಕ್ಷಣ ಗಾಢ ಹಳದಿ ಬೆಳಕು ಮಿನುಗುತ್ತದಲ್ಲ, ಅದು ಉಪ್ಪಿನಲ್ಲಿರುವ ಸೋಡಿಯಂ ಬಣ್ಣ. ಹಳೆಯ ಬೀದಿದೀಪಗಳ ಹಳದಿಯೂ ಅದೇ. ಸೋಡಿಯಂ ಪರಮಾಣುವಿಗೆ ಒಂದು ವಿಶೇಷ ಗುಣವಿದೆ: ಬಿಸಿಲು ಬಿದ್ದರೆ ಸಾಕು, 589.0 ಮತ್ತು 589.6 ನ್ಯಾನೋಮೀಟರ್ ತರಂಗಾಂತರದ ಎರಡು ಹಳದಿ ಗೆರೆಗಳಲ್ಲಿ ಬೆಳಕನ್ನು ಧಾರಾಳವಾಗಿ ಚೆದುರಿಸುತ್ತದೆ. ಬೆರಳೆಣಿಕೆಯ ಪರಮಾಣುಗಳಿದ್ದರೂ ಸುಳಿವು ಸಿಗುತ್ತದೆ.

1988ರಲ್ಲಿ ಆಂಡ್ರ್ಯೂ ಪಾಟರ್ ಮತ್ತು ಥಾಮಸ್ ಮೋರ್ಗನ್ ಅಮೆರಿಕದ ಟೆಕ್ಸಾಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಿಂದ ಚಂದ್ರನ ಅಂಚಿನಾಚೆಗಿನ ಕತ್ತಲಿಗೆ ದೂರದರ್ಶಕ ತಿರುಗಿಸಿ, ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಆ ಎರಡು ಹಳದಿ ಗೆರೆಗಳು ಅಲ್ಲಿದ್ದವು. ಪೊಟ್ಯಾಸಿಯಂ ಕೂಡ ಸಿಕ್ಕಿತು. ಲೆಕ್ಕ ಹಾಕಿದಾಗ ಚಂದ್ರನ ನೆಲದ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ ಇರುವ ಸೋಡಿಯಂ ಪರಮಾಣುಗಳ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಅಷ್ಟನ್ನು ಸುಮಾರು 3,84,000 ಕಿಲೋಮೀಟರ್ ದೂರದಿಂದ ಗುರುತಿಸಿದ್ದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ. ಇದೇ ಇಬ್ಬರು ಅದಕ್ಕೂ ಕೆಲವು ವರ್ಷಗಳ ಹಿಂದೆ ಇದೇ ಗೆರೆಗಳನ್ನು ಬುಧಗ್ರಹದ ಸುತ್ತ ಕಂಡಿದ್ದರು.

ಇಲ್ಲೊಂದು ಸೂಕ್ಷ್ಮವಿದೆ. 'ಚಂದ್ರನ ಸೋಡಿಯಂ ವಾಯುಮಂಡಲ' ಎಂದು ಕೆಲವರು ಬರೆಯುವುದರಿಂದ ಅಲ್ಲಿರುವುದೆಲ್ಲ ಸೋಡಿಯಂ ಎಂಬ ಭಾವನೆ ಬರುತ್ತದೆ. ಸೋಡಿಯಂ ಅಲ್ಲಿ ಕೊಂಚವೇ ಇದೆ, ಆದರೆ ಕಾಣುವುದು ಅದೇ. ತೇರಿನ ಜನಸಂದಣಿಯಲ್ಲಿ ಪಂಜು ಹಿಡಿದವರು ಮಾತ್ರ ದೂರದಿಂದ ಕಾಣುವಂತೆ. ನಮ್ಮ ಚಂದ್ರಯಾನ-2ರಲ್ಲಿದ್ದ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದ ಕ್ಲಾಸ್ ಎಂಬ ಎಕ್ಸ್-ಕಿರಣ ಉಪಕರಣ ಚಂದ್ರನ ನೆಲದ ಮಣ್ಣಿನಲ್ಲಿ ಸೋಡಿಯಂ ಹರಡಿರುವುದನ್ನು ಗುರುತಿಸಿತು. ಬಿಸಿಲು, ಸೌರಮಾರುತ, ಉಲ್ಕೆಗಳ ಪೆಟ್ಟು, ಇವುಗಳಿಂದ ಅಲ್ಲಿಂದ ಎದ್ದ ಪರಮಾಣುಗಳೇ ಮೇಲೆ ಹೊಳೆಯುವುದು.

ತಪ್ಪು ಕಲ್ಪನೆ: ನಮ್ಮ ದಪ್ಪ ಗಾಳಿಯ ತಳದಲ್ಲಿ ಕುಳಿತು ಅಷ್ಟು ತೆಳು ಅನಿಲ ನೋಡಲಾಗದು

ತೊಡಕು ನಿಜ. ಅದನ್ನು ಸಣ್ಣದೆಂದು ಹೇಳಲಾರೆ. ಭೂಮಿಯ ಮೇಲೆ ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ನಮ್ಮದೇ ಒಂದು ಸೋಡಿಯಂ ಪದರವಿದೆ. ಉರಿದುಹೋದ ಉಲ್ಕೆಗಳು ಬಿಟ್ಟುಹೋದದ್ದು. ಅದೂ ರಾತ್ರಿಯೆಲ್ಲ ಮಂದವಾಗಿ ಅದೇ ಹಳದಿಯಲ್ಲಿ ಹೊಳೆಯುತ್ತದೆ. ಅದರ ಮೇಲೆ ಚಂದ್ರನದೇ ಬೆಳಕು ನಮ್ಮ ಗಾಳಿಯಲ್ಲಿ, ದೂರದರ್ಶಕದ ಗಾಜಿನಲ್ಲಿ ಚೆದುರಿ ಎಲ್ಲೆಡೆ ತುಂಬಿಕೊಳ್ಳುತ್ತದೆ. ಹಾಗಾಗಿ ವೀಕ್ಷಕರು ಚಂದ್ರನಿಂದ ದೂರದ ಆಕಾಶದ ಬೆಳಕನ್ನೂ ಅಳೆದು, ಅದನ್ನು ಕಳೆದು, ಉಳಿದದ್ದನ್ನು ಮಾತ್ರ ಚಂದ್ರನ ಖಾತೆಗೆ ಬರೆಯುತ್ತಾರೆ.

ಇಷ್ಟಾದರೂ ಹುಣ್ಣಿಮೆ ಚಂದ್ರನ ಪ್ರಖರತೆಯ ಮುಂದೆ ದೂರಕ್ಕೆ ಹರಡಿದ ಅನಿಲ ಕಾಣದು. ಆಗ ನೆರವಿಗೆ ಬಂದಿದ್ದು ಗ್ರಹಣ. 1993ರ ನವೆಂಬರ್ 29ರ ಪೂರ್ಣ ಚಂದ್ರಗ್ರಹಣದಂದು ಬಾಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಮೆಂಡಿಲ್ಲೊ ಮತ್ತು ಜೆಫ್ರಿ ಬಾಮ್‌ಗಾರ್ಡ್‌ನರ್ ಚಂದ್ರನ ಸುತ್ತಲಿನ ಆಕಾಶವನ್ನು ಸೋಡಿಯಂ ಬೆಳಕಿನಲ್ಲಿ ಚಿತ್ರಿಸಿದರು. ಚಂದ್ರಬಿಂಬ ಭೂಮಿಯ ನೆರಳಿನಲ್ಲಿ ಮುಳುಗಿತ್ತು. ನೆರಳಿನ ಆಚೆಗಿದ್ದ ಅನಿಲಕ್ಕೆ ಮಾತ್ರ ಬಿಸಿಲು ಬೀಳುತ್ತಿತ್ತು. ಆಗ ಸೋಡಿಯಂ ಹೊಳಪು ಚಂದ್ರನ ತ್ರಿಜ್ಯದ ಒಂಬತ್ತು ಪಟ್ಟು ದೂರದವರೆಗೆ ಕಂಡಿತು. ಗ್ರಹಣ ಇಲ್ಲದಿದ್ದರೆ ಕಾಣುತ್ತಿರಲಿಲ್ಲ.

ಅದಕ್ಕಿಂತ ವಿಚಿತ್ರವಾದದ್ದು 1998ರ ನವೆಂಬರಿನಲ್ಲಿ ನಡೆಯಿತು. ಆ ವರ್ಷದ ಲಿಯೊನಿಡ್ ಉಲ್ಕಾವರ್ಷ ನೋಡಲು ಬಾಸ್ಟನ್ ತಂಡ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಇಡೀ ಆಕಾಶವನ್ನು ಒಟ್ಟಿಗೆ ಸೆರೆಹಿಡಿಯುವ ಕ್ಯಾಮೆರಾ ಇಟ್ಟಿತ್ತು. ಉಲ್ಕೆಗಳ ಭರಾಟೆ ಮುಗಿದ ಮೇಲಿನ ಅಮಾವಾಸ್ಯೆಯ ರಾತ್ರಿಗಳಲ್ಲಿ ಸೋಡಿಯಂ ಚಿತ್ರಗಳಲ್ಲಿ ಒಂದು ಮಸುಕು ಚುಕ್ಕೆ ಕಂಡಿತು. ಅದಿದ್ದದ್ದು ಸೂರ್ಯ, ಚಂದ್ರ ಇದ್ದ ದಿಕ್ಕಿಗೆ ನೇರ ವಿರುದ್ಧವಾಗಿ. ಕ್ಯಾಮೆರಾದ ದೋಷವೇ ಎಂದು ನೋಡಿದರು, ಅಲ್ಲ. ಕೊನೆಗೆ ಸಿಕ್ಕ ವಿವರಣೆ ಇದು: ಚಂದ್ರನಿಂದ ಹಾರಿಹೋದ ಸೋಡಿಯಂ ಪರಮಾಣುಗಳನ್ನು ಸೂರ್ಯನ ಬೆಳಕು ಹಿಂದಕ್ಕೆ ತಳ್ಳುತ್ತದೆ, ಧೂಮಕೇತುವಿನ ಹಾಗೆ ಚಂದ್ರನಿಗೂ ಒಂದು ಬಾಲ ಬೆಳೆಯುತ್ತದೆ. ಅಮಾವಾಸ್ಯೆಗೆ ಚಂದ್ರ ಸೂರ್ಯನ ಕಡೆ ಇರುವುದರಿಂದ ಆ ಬಾಲ ನಮ್ಮತ್ತ ಚಾಚುತ್ತದೆ. ಭೂಮಿಯ ಗುರುತ್ವ ಅದನ್ನು ಆಲಿಕೆಯಲ್ಲಿ ಸುರಿದಂತೆ ಒಟ್ಟುಗೂಡಿಸಿ ಆಚೆ ಬದಿಗೆ ಕಳಿಸುತ್ತದೆ. ಆ ಒಟ್ಟುಗೂಡಿದ ಎಳೆಯನ್ನೇ ನಾವು ನಡುರಾತ್ರಿಯ ಆಕಾಶದಲ್ಲಿ ಚುಕ್ಕೆಯಾಗಿ ನೋಡುವುದು. ಹುಣ್ಣಿಮೆ ಚಂದ್ರನ ಐದಾರು ಪಟ್ಟು ಅಗಲ. ಆದರೆ ಬರಿಗಣ್ಣಿಗೆ ನಿಲುಕುವುದಕ್ಕಿಂತ ಐವತ್ತು ಪಟ್ಟು ಮಂದ. ಆ ವರ್ಷವೊಂದೇ ಅಲ್ಲ, ಅಮಾವಾಸ್ಯೆ ಅಮಾವಾಸ್ಯೆಗೂ ಅದು ಬರುತ್ತದೆ ಎಂದು ಅರ್ಜೆಂಟೀನಾದ ಎಲ್ ಲಿಯೊನ್ಸಿಟೊದಲ್ಲಿ 2006ರಿಂದ 2019ರವರೆಗೆ ತೆಗೆದ ಸಾವಿರಾರು ಚಿತ್ರಗಳು ತೋರಿಸಿವೆ.

ತಪ್ಪು ಕಲ್ಪನೆ: ಚಂದ್ರ ದೊಡ್ಡದಾದಷ್ಟೂ ಗಾಳಿ ದಪ್ಪ

ಗುರುವಿನ ಗ್ಯಾನಿಮೀಡ್ ಸೌರಮಂಡಲದ ಅತಿ ದೊಡ್ಡ ಚಂದ್ರ, ವ್ಯಾಸ 5,268 ಕಿ.ಮೀ. ಅದರ ಸುತ್ತ ಇರುವುದು ಹೆಸರಿಗಷ್ಟೇ ಅನಿಲ. ಶನಿಯ ಟೈಟನ್ ಅದಕ್ಕಿಂತ ಕೊಂಚ ಚಿಕ್ಕದು, 5,150 ಕಿ.ಮೀ. ಅದರ ನೆಲದ ಮೇಲಿನ ಒತ್ತಡ ಭೂಮಿಯದಕ್ಕಿಂತ ಒಂದೂವರೆ ಪಟ್ಟು. ಗಾತ್ರದ ಜೊತೆಗೆ ಚಳಿ, ಸೂರ್ಯನಿಂದ ಇರುವ ದೂರ, ಹುಟ್ಟುವಾಗ ಸಿಕ್ಕ ಸಾಮಗ್ರಿ, ಸುತ್ತುವ ಗ್ರಹದ ವಿಕಿರಣ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಟೈಟನ್ ಮೇಲೆ ಮೀಥೇನ್ ಅನಿಲವಿರುವುದನ್ನು ಖಗೋಳವಿಜ್ಞಾನಿ ಗೆರಾರ್ಡ್ ಕೈಪರ್ 1944ರಲ್ಲೇ ಪ್ರಕಟಿಸಿದರು. ಅದನ್ನೂ ನೋಡಿದ್ದು ಮೆಕ್‌ಡೊನಾಲ್ಡ್ ವೀಕ್ಷಣಾಲಯದಿಂದಲೇ.

ತಪ್ಪು ಕಲ್ಪನೆ: ವಾಯುಮಂಡಲ ಒಮ್ಮೆ ಇದ್ದರೆ ಸದಾ ಇದ್ದೇ ಇರುತ್ತದೆ

ಗುರುವಿನ ಅಯೋ ಎಂಬ ಚಂದ್ರನಲ್ಲಿ ವಾಯುಮಂಡಲ ಅಲ್ಲಿನ ದಿನಕ್ಕೊಮ್ಮೆ ಕುಸಿದು ಬೀಳುತ್ತದೆ, ಮತ್ತೆ ಏಳುತ್ತದೆ.

ಅಯೋ ಜ್ವಾಲಾಮುಖಿಗಳ ಬೀಡು. ಅದರ ಅನಿಲದಲ್ಲಿ ಮುಖ್ಯವಾದದ್ದು ಗಂಧಕದ ಡೈಆಕ್ಸೈಡ್, ದೀಪಾವಳಿ ರಾತ್ರಿ ಪಟಾಕಿ ಸುಟ್ಟ ಬೀದಿಯಲ್ಲಿ ಮೂಗಿಗೆ ಅಡರುವ ಅದೇ ವಸ್ತು. ಒತ್ತಡ ನಮ್ಮದರ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಜ್ವಾಲಾಮುಖಿಯ ಸಂಗತಿ ತಿಳಿಯುವ ಮೊದಲೇ, 1970ರ ದಶಕದ ಆರಂಭದಲ್ಲಿ, ರಾಬರ್ಟ್ ಬ್ರೌನ್ ನೆಲದಿಂದಲೇ ಅಯೋ ಬಳಿ ಸೋಡಿಯಂ ಗೆರೆಗಳನ್ನು ಕಂಡಿದ್ದರು. ನಮ್ಮ ಮೇಲಿರುವ ಸೋಡಿಯಂ ಜೊತೆ ಅದು ಬೆರೆತುಹೋಗಲಿಲ್ಲವೇ? ಇಲ್ಲ. ಅಯೋ ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಗುರುವನ್ನು ಸುತ್ತುತ್ತದೆ. ರೈಲು ಹತ್ತಿರ ಬರುವಾಗ ಸೀಟಿಯ ದನಿ ಏರಿ, ದೂರ ಹೋಗುವಾಗ ಇಳಿಯುವಂತೆ ಆ ಗೆರೆಗಳೂ ಪಕ್ಕಕ್ಕೆ ಸರಿಯುತ್ತವೆ. ನಮ್ಮ ಗೆರೆ ಸರಿಯುವುದಿಲ್ಲ.

ಅಯೋ ಸುಮಾರು 42 ಗಂಟೆಗೊಮ್ಮೆ ಗುರುವನ್ನು ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಎರಡು ಗಂಟೆ ಗುರುವಿನ ನೆರಳಿನಲ್ಲಿ ಕಳೆಯುತ್ತದೆ. 2013ರ ನವೆಂಬರಿನಲ್ಲಿ ಹವಾಯಿಯ ಮೌನಾ ಕೀ ಮೇಲಿರುವ 8.1 ಮೀಟರ್ ವ್ಯಾಸದ ಜೆಮಿನಿ ದೂರದರ್ಶಕದಿಂದ ಅದು ನೆರಳಿಗೆ ಇಳಿಯುವುದನ್ನು ಖಗೋಳವಿಜ್ಞಾನಿಗಳು ಅವಕೆಂಪು ಕಿರಣಗಳಲ್ಲಿ ಗಮನಿಸಿದರು. ನೆಲದ ಉಷ್ಣತೆ ಸೊನ್ನೆಗಿಂತ ಸುಮಾರು 146 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದದ್ದು 168 ಡಿಗ್ರಿ ಕೆಳಕ್ಕೆ ಇಳಿಯಿತು. ಅಷ್ಟಕ್ಕೇ ಗಂಧಕದ ಅನಿಲದಲ್ಲಿ ಬಹುಪಾಲು ಹಿಮವಾಗಿ ನೆಲಕ್ಕೆ ಇಳಿದುಹೋಯಿತು. ನೆರಳಿನಿಂದ ಹೊರಬಂದು ಬಿಸಿಲು ಬಿದ್ದರೆ ಹಿಮ ಕರಗದೆ ನೇರ ಆವಿಯಾಗಿ ಮತ್ತೆ ಮೇಲೇಳುತ್ತದೆ, ಕರ್ಪೂರ ಆವಿಯಾಗುವ ಹಾಗೆ.

ಹಾಗಿದ್ದರೆ ಅನಿಲ ಬರುವುದು ಹಿಮದಿಂದಲೋ, ಜ್ವಾಲಾಮುಖಿಯಿಂದಲೋ? ದಶಕಗಳ ಈ ವಾದಕ್ಕೆ ಚಿಲಿಯ ಅಟಕಾಮ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿರುವ ಆಲ್ಮಾ ರೇಡಿಯೊ ದೂರದರ್ಶಕ ಸಮೂಹ ಒಂದು ಅಳತೆ ಕೊಟ್ಟಿತು. ನೆರಳಿನಲ್ಲಿ ಹಿಮದ ಪಾಲು ಇಳಿದುಹೋದಾಗಲೂ ಉಳಿಯುವುದು ಜ್ವಾಲಾಮುಖಿಯಿಂದ ನೇರವಾಗಿ ಬರುವ ಪಾಲು ತಾನೆ? 2018ರ ವೀಕ್ಷಣೆಗಳಿಂದ ಅದು ಶೇಕಡ 30ರಿಂದ 50 ಎಂದು ಇಮ್ಕೆ ಡಿ ಪೇಟರ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಪ್ರಶ್ನೆ ಎಷ್ಟು ಚೊಕ್ಕಟವಾಗಿ ಬಿಡಿಸಿಕೊಂಡಿತು ನೋಡಿ.

ತಪ್ಪು ಕಲ್ಪನೆ: ಬಾಹ್ಯಾಕಾಶ ನೌಕೆ ಹೋಗಿಬಂದ ಮೇಲೆ ನೆಲದ ದೂರದರ್ಶಕಕ್ಕೆ ಕೆಲಸವಿಲ್ಲ

ನೆಪ್ಚೂನ್‌ನ ಟ್ರೈಟನ್ ಬಳಿ ನೌಕೆ ಹೋಗಿದ್ದು ಒಂದೇ ಸಲ, 1989ರಲ್ಲಿ ವಾಯೇಜರ್ 2. ಆ ಒಂದು ದಿನದ ಅಳತೆ ಇಟ್ಟುಕೊಂಡು ಅಲ್ಲಿನ ಋತುಗಳನ್ನು ಹೇಗೆ ತಿಳಿಯುವುದು? 2017ರ ಅಕ್ಟೋಬರ್ 5ರಂದು ಟ್ರೈಟನ್ ಒಂದು ನಕ್ಷತ್ರವನ್ನು ಮರೆ ಮಾಡಿತು. ಅದರ ನೆರಳು ಯೂರೋಪ್, ಉತ್ತರ ಆಫ್ರಿಕಾ ಮತ್ತು ಅಮೆರಿಕದ ಮೇಲೆ ಹಾದುಹೋಯಿತು. ಎರಡೂವರೆ ನಿಮಿಷದ ಆಟಕ್ಕಾಗಿ ಹತ್ತಾರು ಕಡೆ ವೃತ್ತಿಪರರೂ ಹವ್ಯಾಸಿಗಳೂ ಕಾದಿದ್ದರು. ಇಲ್ಲಿ ನಕ್ಷತ್ರ ರೋಹಿಣಿಯ ಹಾಗೆ ಫಕ್ಕನೆ ಆರಲಿಲ್ಲ, ಮೆಲ್ಲಗೆ ಮಂಕಾಯಿತು. ಆ ಮಂಕಾಗುವ ಗತಿಯಿಂದ ತಿಳಿದ ಒತ್ತಡ 1989ರದಕ್ಕೆ ಹತ್ತಿರವೇ ಇತ್ತು. ನೌಕೆ ಒಂದು ಫೋಟೊ ಕೊಡುತ್ತದೆ, ನೆಲದವರು ವರ್ಷಗಟ್ಟಲೆ ನಾಡಿ ಹಿಡಿದು ಕೂರುತ್ತಾರೆ. ನನ್ನ ಮಟ್ಟಿಗೆ ಎರಡನೆಯದರ ಬೆಲೆ ಕಡಿಮೆಯಲ್ಲ.

ಗುರುವಿನ ಚಂದ್ರರಾದ ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊಗಳ ವಿಷಯದಲ್ಲೂ ಹಾಗೆಯೇ. ಅವು ಗುರುವಿನ ನೆರಳು ಹೊಕ್ಕಾಗ ಹವಾಯಿಯ 10 ಮೀಟರ್ ವ್ಯಾಸದ ಕೆಕ್ ದೂರದರ್ಶಕ ಅವುಗಳ ಆಮ್ಲಜನಕದ ಕೆಂಪು ಹೊಳಪನ್ನು ಹಿಡಿಯಿತು. ಧ್ರುವಪ್ರದೇಶದ ಆಕಾಶದಲ್ಲಿ ಅರೋರಾ ಮೂಡಿದಾಗ ಎತ್ತರದಲ್ಲಿ ಕಾಣುವ ಕೆಂಪೂ ಇದೇ ಬಣ್ಣ. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು.

ತಪ್ಪು ಕಲ್ಪನೆ: ಭಾರತದ ಸಣ್ಣ ದೂರದರ್ಶಕಕ್ಕೂ ಇದಕ್ಕೂ ಸಂಬಂಧವಿಲ್ಲ

ಬೆಂಗಳೂರಿನ ಭಾರತೀಯ ಖಗೋಳ ಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರಿನಲ್ಲಿದೆ. 1972ರಲ್ಲಿ ಅಲ್ಲಿಗೆ 1 ಮೀಟರ್ ವ್ಯಾಸದ ಹೊಸ ದೂರದರ್ಶಕ ಬಂದಿತ್ತು. ಅದೇ ವರ್ಷ ಜೂನ್ 7ರಂದು ಗ್ಯಾನಿಮೀಡ್ ಒಂದು ಮಂದ ನಕ್ಷತ್ರವನ್ನು ಮರೆ ಮಾಡಿತು. ಕಾವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ, ಇಂಡೋನೇಷ್ಯಾದ ಲೆಂಬಾಂಗ್‌ನಲ್ಲಿ ಇನ್ನೊಂದು ತಂಡದವರು ಬೆಳಕನ್ನು ದಾಖಲಿಸಿದರು. ನಕ್ಷತ್ರ ಆರಿದ್ದು ಫಕ್ಕನೆ ಅಲ್ಲ ಎಂದು ಕಂಡು, ಗ್ಯಾನಿಮೀಡ್‌ಗೆ ವಾಯುಮಂಡಲವಿದೆ, ಒತ್ತಡ ಭೂಮಿಯದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚು ಎಂದು ಮರುವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು.

1979ರಲ್ಲಿ ವಾಯೇಜರ್ 1 ಗ್ಯಾನಿಮೀಡ್ ಪಕ್ಕದಲ್ಲೇ ಹಾದುಹೋಗುತ್ತಾ ಅದೇ ಪರೀಕ್ಷೆಯನ್ನು ಅತಿನೇರಳೆ ಬೆಳಕಿನಲ್ಲಿ ಮಾಡಿತು. ಒಂದು ನಕ್ಷತ್ರ ಮರೆಯಾಯಿತು, ಅನಿಲದ ಸುಳಿವು ಸಿಗಲಿಲ್ಲ. ಇದ್ದರೂ ಮೊದಲು ಹೇಳಿದ್ದಕ್ಕಿಂತ ಹತ್ತಾರು ಸಾವಿರ ಪಟ್ಟು ಕಡಿಮೆ ಎಂದಾಯಿತು. ಆ ಅನಿಲ ಕೈಗೆ ಸಿಕ್ಕಿದ್ದು 1990ರ ದಶಕದಲ್ಲಿ, ಹಬಲ್ ದೂರದರ್ಶಕ ಆಮ್ಲಜನಕದ ಹೊಳಪನ್ನು ಕಂಡಾಗ. 1972ರ ಒತ್ತಡದ ಅಂಕಿ ತಪ್ಪಾಗಿತ್ತು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ವಿಜ್ಞಾನದಲ್ಲಿ ಅಳತೆಯನ್ನು ಮುಂದಿನ ಅಳತೆ ತಿದ್ದುತ್ತದೆ.

ಆದರೆ ಕಲಿತ ಕೈ ಸುಮ್ಮನೆ ಕೂರಲಿಲ್ಲ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಹಾದುಹೋಗುವಾಗ ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅದೇ 1 ಮೀಟರ್ ದೂರದರ್ಶಕದಿಂದ ನೋಡಿದರು. ಗ್ರಹ ಮುಟ್ಟುವ ಮೊದಲೇ ನಕ್ಷತ್ರದ ಬೆಳಕು ಕೆಲ ಕ್ಷಣ ಕುಗ್ಗಿತು. ಅವರು ಮೊದಲು ಅದನ್ನು ಹೊಸ ಚಂದ್ರನಿರಬೇಕೆಂದು ಬಗೆದರು. ಅದೇ ರಾತ್ರಿ ವಿಮಾನದಲ್ಲಿ ಹಾರುತ್ತಾ ನೋಡಿದ ಅಮೆರಿಕದ ತಂಡದ ದಾಖಲೆಯ ಜೊತೆ ಇಟ್ಟು ನೋಡಿದಾಗ ಅದು ಯುರೇನಸ್ ಸುತ್ತಲಿನ ಉಂಗುರ ಎಂದು ತಿಳಿಯಿತು.

ಚಂದ್ರ ನಕ್ಷತ್ರವನ್ನು ಮರೆ ಮಾಡುವ ದಿನ, ಗಳಿಗೆಗಳನ್ನು ಈಗ ಮೊಬೈಲಿನ ಖಗೋಳ ಆ್ಯಪ್‌ಗಳೇ ಹೇಳುತ್ತವೆ. ನಿಮ್ಮೂರಿನಿಂದ ಕಾಣುವಂಥದ್ದೊಂದನ್ನು ಹುಡುಕಿ ಗುರುತು ಹಾಕಿಕೊಳ್ಳಿ, ಮನೆಯ ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತಿ. ಸಣ್ಣ ದುರ್ಬೀನು ಸಾಕು. ನಕ್ಷತ್ರ ಮಂಕಾಯಿತೋ, ಫಕ್ಕನೆ ಆರಿತೋ ಎಂದು ಅವರನ್ನೇ ಕೇಳಿ.